ಪಟ್ಟಿಯಲ್ಲಿಲ್ಲದ ಕೆಂಪು

‘ಬೇಸಿಗೆಯ ಆರಂಭದಲ್ಲಿ ಯೂರೋಪಿನ ನಗರಗಳಿಗೆ: ಹತ್ತು ಉಡುಪು, ಒಂದೇ ಪೆಟ್ಟಿಗೆ’ ಎಂಬ ಅಂತರ್ಜಾಲದ ಪಟ್ಟಿಯನ್ನು ರಚಿಸಿ ಲೋಕಕ್ಕೆ ದಯಪಾಲಿಸಿದ ಮಹನೀಯರ ಸನ್ನಿಧಿಗೆ, ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ನಾಲ್ಕನೇ ಮಹಡಿಯಿಂದ ಉಮಾಶಂಕರನ ಅನಂತ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು, ತಮ್ಮ ಲಿನನ್ ಪ್ಯಾಂಟು ಸುಕ್ಕಿಲ್ಲದೆ ಇದೆಯೆಂದು ನಂಬಿದ್ದೇನೆ. ತಮ್ಮ ಲೇಖನದ ಕೆಳಗೆ ಹೆಸರು ಇಲ್ಲದ ಕಾರಣ ತಾವು ಮಹಿಳೆಯೋ, ಪುರುಷರೋ, ಬಟನ್ ಒತ್ತಿದರೆ ಬರೆಯುವ ಯಂತ್ರವೋ ನನಗೆ ತಿಳಿಯಲಿಲ್ಲ. ಆದ್ದರಿಂದ ಮೂವರಿಗೂ ಸಲ್ಲಬೇಕಾದ ಗೌರವವನ್ನು ಒಟ್ಟಿಗೇ ಸಲ್ಲಿಸುತ್ತಿದ್ದೇನೆ. ಉಳಿದರೆ ಇಟ್ಟುಕೊಳ್ಳಿ.

ನಾನು ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥ. ನಮ್ಮ ಕಸುಬಿನಲ್ಲಿ ಬರೆದದ್ದೇ ವೇದ. ಬರೆದ ವಿಧಾನದಿಂದ ಕೂದಲೆಳೆಯಷ್ಟು ಆಚೆ ಹೋದರೂ ‘ಡೀವಿಯೇಶನ್’ ಎಂಬ ಫಾರಂ ತುಂಬಿ, ಮೂಲ ಕಾರಣ ಬರೆದು, ಸರಿಪಡಿಸುವ ಕ್ರಮ ಬರೆದು, ಸಹಿ ಹಾಕಬೇಕು. ಹೀಗೆ ಹದಿನೆಂಟು ವರ್ಷ ಬದುಕಿದವನ ಕೈಗೆ ತಮ್ಮ ಪಟ್ಟಿ ಸಿಕ್ಕಿತೆಂಬುದೇ ಈ ದೂರಿನ ಆರಂಭ.

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನಾನು ನನ್ನ ಹೆಂಡತಿ ಮೈಥಿಲಿಯನ್ನು ಮೈಸೂರಿನ ಮದುವೆ ಮುಂಜಿಗಳಿಗೆ ಬಿಟ್ಟರೆ ಬೇರೆಲ್ಲಿಗೂ ಕರೆದುಕೊಂಡು ಹೋದವನಲ್ಲ. ಆಕೆ ಕೇಳಿದ್ದು ಒಂದೇ ಊರು, ಪ್ರಾಗ್. ಅವಳ ತಾಯಿಯ ಅಡುಗೆಮನೆಯ ಗೋಡೆಯಲ್ಲಿ, ವರ್ಷ ಮುಗಿದರೂ ಇಳಿಸದ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ಆ ಊರಿನ ಕಲ್ಲಿನ ಸೇತುವೆಯ ಚಿತ್ರವಿತ್ತು. ಒಗ್ಗರಣೆ ಹಾಕುತ್ತ ಹಾಕುತ್ತ ಆ ತಾಯಿ ಅದನ್ನು ನೋಡುತ್ತಿದ್ದರಂತೆ. ತೀರಿಕೊಳ್ಳುವ ಮುಂಚೆ ಮಗಳಿಗೆ ಸಾಸಿವೆ ಬಣ್ಣದ ಮೈಸೂರು ರೇಷ್ಮೆ ಸೀರೆಯೊಂದನ್ನು ಕೊಟ್ಟು, “ನೀನಾದ್ರೂ ಅಲ್ಲಿ ಹೋಗಿ ಇದನ್ನುಟ್ಟು ನಿಂತ್ಕೊ” ಎಂದಿದ್ದರು. ಈ ಮಾತು ನನಗೆ ಗೊತ್ತಿತ್ತು ಎಂಬುದನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ಆದರೆ ತಮ್ಮ ಪಟ್ಟಿಯಲ್ಲಿ ಸೀರೆ ಇರಲಿಲ್ಲ. ಹಗುರವಾದ ಪದರಗಳು, ಲಿನನ್, ಮಳೆಗೊಂದು ಉದ್ದ ಕೋಟು, ಬಿಳಿ ಶೂ, ಅಡ್ಡವಾಗಿ ನೇತುಹಾಕುವ ಒಂದೇ ಚೀಲ, ಎಲ್ಲವೂ ‘ನ್ಯೂಟ್ರಲ್’ ಬಣ್ಣದಲ್ಲಿ. ತಾವು ನ್ಯೂಟ್ರಲ್ ಎನ್ನುವುದನ್ನು ನಮ್ಮ ಮನೆಯಲ್ಲಿ ಗೋಧಿಹಿಟ್ಟಿನ ಬಣ್ಣ ಎನ್ನುತ್ತಾರೆ. ಮೈಥಿಲಿ ಬರೆದಿಟ್ಟ ಚೀಟಿಯಲ್ಲಿ ಸೀರೆಯ ಮುಂದೆ ನಾನು ಕೆಂಪು ಪೆನ್ನಿನಲ್ಲಿ ‘ಪಟ್ಟಿಯಲ್ಲಿಲ್ಲ’ ಎಂದು ಬರೆದೆ. “ಅಲ್ರೀ, ನಾವು ಟೂರ್‌ಗೆ ಹೋಗ್ತಿರೋದಾ, ಆಡಿಟ್‌ಗಾ?” ಎಂದು ಮೈಥಿಲಿ ಒಮ್ಮೆ ಕೇಳಿದಳು, ಆಮೇಲೆ ಸೀರೆಯನ್ನು ಬೀರುವಿಗೆ ವಾಪಸ್ ಇಟ್ಟಳು.

ಇನ್ನು ತಮ್ಮ ‘ಬೇಸಿಗೆಯ ಆರಂಭ’. ಮೈಸೂರಿನವರಾದ ನಮಗೆ ಬೇಸಿಗೆ ಶುರುವಾಯಿತೆಂದರೆ ಮಾವಿನ ಮಿಡಿ ಮತ್ತು ಬೆವರು. ನೈರೋಬಿಯವರಾದ ನಮಗೆ ಜೂನ್ ಎಂದರೆ ಸ್ವೆಟರು, ಮೋಡ, ಬೆಳಿಗ್ಗೆ ಆರಕ್ಕೆ ಏಳಲು ಒಲ್ಲದ ಮಗಳು. ಬೆಳಿಗ್ಗೆ ಹಲ್ಲು ಕಟಕಟಿಸಿ, ಮಧ್ಯಾಹ್ನ ನೆತ್ತಿ ಸುಟ್ಟು, ಸಂಜೆ ಮಳೆ ಸುರಿಸುವ ತಮ್ಮ ಜೂನನ್ನು ಬೇಸಿಗೆಯೆಂದು ಕರೆದ ತಮ್ಮ ಆಶಾವಾದವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪದರಗಳನ್ನು ‘ಬೇಕಾದಾಗ ತೆಗೆಯಬಹುದು’ ಎಂದು ಬರೆದಿರಿ. ತೆಗೆದದ್ದನ್ನು ಯಾರು ಹೊರಬೇಕು ಎಂದು ಬರೆಯಲು ಮರೆತಿರಿ. ಮೂರು ದಿನ ನಾನು ಬಟ್ಟೆ ತೂಗುಹಾಕುವ ಗೂಟಕ್ಕೆ ಬದಲಾಗಿ ದುಡಿದೆ.

ಉದ್ದ ಕೋಟುಗಳಿಗಾಗಿ ನಾವು ಮಿತುಂಬಾ ಸಂತೆಗೆ ಹೋದೆವು. ಯೂರೋಪಿನವರು ಉಟ್ಟು ಬಿಟ್ಟ ಬಟ್ಟೆಗಳು ಮೂಟೆಮೂಟೆಯಾಗಿ ಬಂದು ಬೀಳುವುದು ಅಲ್ಲಿಗೇ. ಅಂಗಡಿಯ ಪೀಟರ್ ನನ್ನ ಕೈಯಲ್ಲಿದ್ದ ತಮ್ಮ ಪಟ್ಟಿಯನ್ನು ನೋಡಿ “ಸವಾ, ಸವಾ”, ಅಂದರೆ ಸರಿ ಸರಿ, ಎನ್ನುತ್ತ ರಾಶಿಯಿಂದ ಮೂರು ಕೋಟು ಎಳೆದ. ನಾವು ಹೋಗುವ ಊರು ಕೇಳಿ, ಪಾಪ ಇವು ಅಲ್ಲಿಂದ ಈಗಷ್ಟೇ ಬಂದಿವೆ, ಇಳಿದು ಸುಧಾರಿಸಿಕೊಳ್ಳಲೂ ಬಿಡುವುದಿಲ್ಲವಲ್ಲ ಎಂದು ನಕ್ಕ. ಮೂರನ್ನೂ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ನಮ್ಮ ಸಾನ್ವಿ, ವಯಸ್ಸು ಹದಿನೈದು, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲೇ ಉತ್ತರಿಸುವವಳು, “ಅಪ್ಪಾ, ವಿ ಲುಕ್ ಲೈಕ್ ತ್ರೀ ಎನ್ವಲಪ್ಸ್” ಎಂದಳು. ನಾನು ಅದನ್ನು ಹೊಗಳಿಕೆ ಎಂದು ದಾಖಲಿಸಿಕೊಂಡೆ.

ಮೈಥಿಲಿ ಒಂದೇ ಒಂದು ಡೀವಿಯೇಶನ್ ಮಾಡಿದಳು. ನಮ್ಮ ಸೋಫಾದ ಮೇಲೆ ಸದಾ ಬಿದ್ದಿರುವ, ಇಲ್ಲಿನ ಮಸಾಯಿ ಜನ ಹೊದೆಯುವ ಕೆಂಪು ಚೌಕಳಿಯ ಶುಕಾವನ್ನು ಕೈಚೀಲಕ್ಕೆ ತುರುಕಿದಳು. ‘ವಿಮಾನದೊಳಗೆ ಮಾತ್ರ’ ಎಂಬ ಷರತ್ತಿನ ಮೇಲೆ ತಾತ್ಕಾಲಿಕ ಅನುಮತಿ ಕೊಟ್ಟೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರನೆಯ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ, ಊರಿನ ಹಳೆಯ ಚೌಕದಲ್ಲಿ ಗಡಿಯಾರದ ಬೊಂಬೆಗಳು ಹೊರಬರುವುದನ್ನು ನೋಡಲು ಸಾವಿರ ಜನ ಕತ್ತೆತ್ತಿ ನಿಂತಿದ್ದೆವು. ಬೊಂಬೆಗಳು ಒಳಗೆ ಹೋದವು. ನಾನು ಪಕ್ಕದ ಕೋಟಿನ ಮೊಣಕೈ ಹಿಡಿದು ಸೇತುವೆಯತ್ತ ಹೊರಟೆ. ಬೆಳಗಿನ ಸೂಪಿನಲ್ಲಿ ಉಪ್ಪಿರಲಿಲ್ಲವೆಂಬ ವಿಷಯವನ್ನು ಒಂದು ಇಡೀ ಬೀದಿ ಉದ್ದಕ್ಕೂ ವಿವರಿಸಿದೆ. ಉತ್ತರ ಬರಲಿಲ್ಲ, ಇಪ್ಪತ್ತೆರಡು ವರ್ಷಗಳ ಅನುಭವದಿಂದ ಆ ಮೌನ ಸಹಜವೆಂದೇ ತಿಳಿದೆ. ಬೀದಿಯ ಕೊನೆಯಲ್ಲಿ ಕೋಟು ನನ್ನತ್ತ ತಿರುಗಿತು. ಒಳಗೆ ಎಪ್ಪತ್ತು ವರ್ಷದ ಒಬ್ಬ ಬಿಳಿ ಅಜ್ಜಿ ಇದ್ದರು. ಅದೇ ಕೋಟು, ಅದೇ ಬಿಳಿ ಶೂ. ಪಾಪ, ಅವರೂ ತಮ್ಮ ಓದುಗರು. ನಾನು ಅವರ ಟೂರ್ ಗೈಡ್ ಎಂದು ಅವರು ಇಷ್ಟು ಹೊತ್ತು ಭಾವಿಸಿದ್ದರಂತೆ. ಹಿಂದೆ ಸಾನ್ವಿ ಒಬ್ಬಳೇ ಕಿವಿಗೆ ಹಾಡು ಹಾಕಿಕೊಂಡು ನನ್ನ ಕೋಟನ್ನು ಹಿಂಬಾಲಿಸಿ ಬಂದಿದ್ದಳು.

ಮೈಥಿಲಿಗೆ ಕರೆ ಮಾಡಿದೆ. ತಮ್ಮ ಸಲಹೆಯ ಒಂದೇ ಚೀಲದಲ್ಲಿ, ನನ್ನ ಹೊಟ್ಟೆಯ ಮೇಲೆಯೇ, ಅವಳ ಫೋನು ರಿಂಗಾಯಿತು. ಅವಳ ಪಾಸ್‌ಪೋರ್ಟೂ ಅಲ್ಲೇ ಇತ್ತು. ಮಗಳೊಂದಿಗೆ ಚೌಕಕ್ಕೆ ವಾಪಸ್ ಓಡಿದೆ. ಅಲ್ಲಿನ ಪೊಲೀಸಿನವನೊಬ್ಬ ಹೆಂಡತಿಯ ಉಡುಪು ಹೇಗಿದೆ ಎಂದು ಕೇಳಿದ. ಹೇಳಿದೆ. ಆತ ಕೈ ನೀಡಿ ಇಡೀ ಚೌಕವನ್ನು ತೋರಿಸಿದ. ಮಾನ್ಯರೇ, ಆಗ ನನಗೆ ನಿಜವಾಗಿ ಭಯವಾಯಿತು. ಒಂದೇ ಬಣ್ಣದ ಅಷ್ಟು ಬೆನ್ನುಗಳಲ್ಲಿ ನನ್ನವಳ ಬೆನ್ನು ಯಾವುದೆಂದು ನನಗೆ ತಿಳಿಯಲಿಲ್ಲ, ಅದಕ್ಕೆ ನಾಚಿಕೆಯೂ ಆಯಿತು.

ಕಂಡವಳು ಸಾನ್ವಿ. “ಅಮ್ಮಾ!” ಎಂದು ಅಪ್ಪಟ ಕನ್ನಡದಲ್ಲಿ ಕೂಗಿದಳು. ಚೌಕದ ನಡುವಿನ ಸ್ಮಾರಕದ ಮೆಟ್ಟಿಲ ಮೇಲೆ, ಹಿಟ್ಟಿನ ಬಣ್ಣದ ಆ ಸಮುದ್ರದ ಮಧ್ಯೆ, ಕೆಂಪಗೆ, ಶುಕಾವನ್ನು ಸೆರಗಿನಂತೆ ಹೊದ್ದು ಮೈಥಿಲಿ ನಿಂತಿದ್ದಳು. ಚಳಿಗೆಂದು ಮೂರು ದಿನವೂ ಅದನ್ನು ಕೋಟಿನೊಳಗೆ ಸುತ್ತಿಕೊಂಡಿದ್ದಳಂತೆ. ಆ ಬೆಳಿಗ್ಗೆಯಷ್ಟೇ ನಾನು ‘ಯಾಕೋ ದಪ್ಪಗಾಗಿದ್ದೀಯ’ ಎಂದಿದ್ದೆ. ಕೋಟನ್ನು ಬಿಚ್ಚಿ ಕಾಲ ಕೆಳಗೆ ಹಾಕಿಕೊಂಡು ಅದರ ಮೇಲೆ ನಿಂತಿದ್ದಳು. “ಆ ಬಣ್ಣದಲ್ಲಿ ನಿಂತಿದ್ರೆ ನಾನೇ ನನ್ನನ್ನ ಗುರುತು ಹಿಡೀತಿರ್ಲಿಲ್ಲ, ಇನ್ನು ನೀವೇನು ಹಿಡೀತೀರಿ” ಎಂದಳು. ಅವಳ ಕೈ ಹಿಡಿದೆ, ಸೇತುವೆ ತಲುಪುವವರೆಗೂ ಬಿಡಲಿಲ್ಲ.

ಸೇತುವೆಯ ಮೇಲೆ ಶುಕಾ ಹೊದ್ದೇ ಫೋಟೋ ತೆಗೆಸಿಕೊಂಡಳು. ಚೆನ್ನಾಗಿಯೇ ಬಂದಿದೆ. ಆದರೆ ಮನೆಗೆ ಬಂದು ಅದನ್ನು ನೋಡುತ್ತ, “ಅಮ್ಮ ಹೇಳಿದ್ದು ಇದಲ್ಲ” ಎಂದಷ್ಟೇ ಹೇಳಿ ಫೋನನ್ನು ಮಗುಚಿಟ್ಟಳು. ಅಂದಿನಿಂದ ಆ ಫೋಟೋದ ಮಾತು ನಮ್ಮ ಮನೆಯಲ್ಲಿ ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಆ ಸೇತುವೆಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಪಾರ್ಕ್‌ಲ್ಯಾಂಡ್ಸ್‌ಗೆ ಕಳುಹಿಸಿಕೊಡಬೇಕು. ಕೆಳಗೆ ನದಿ ಬೇಕಾಗಿಲ್ಲ. ಮಳೆ ಬಂದರೆ ನಮ್ಮ ರಸ್ತೆಯಲ್ಲಿ ಸಾಕಷ್ಟು ನೀರು ನಿಲ್ಲುತ್ತದೆ. ವೆಸ್ಟ್‌ಲ್ಯಾಂಡ್ಸ್ ಕಡೆಯಿಂದ ತರುವುದು ಬೇಡ, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಮುಂದಿನ ಜೂನ್ ಆದೀತು. ಇದು ಸಾಧ್ಯವಾಗದಿದ್ದರೆ ತಮ್ಮ ಪಟ್ಟಿಗೆ ಹನ್ನೊಂದನೆಯದಾಗಿ ‘ಉಡುವವರು ಉಡಲು ಆಸೆಪಟ್ಟ ಒಂದು ಬಟ್ಟೆ’ ಎಂದು ಸೇರಿಸಬೇಕು, ಮತ್ತು ಅದನ್ನು ಗಂಡಸರ ಕಣ್ಣಿಗೆ ಬೀಳುವಷ್ಟು ದಪ್ಪ ಅಕ್ಷರದಲ್ಲಿ ಮುದ್ರಿಸಬೇಕು.

ಇಷ್ಟಾದರೂ ತಮ್ಮ ಪಟ್ಟಿಯನ್ನು ಫೈಲಿನಲ್ಲಿ ಜೋಪಾನವಾಗಿಟ್ಟಿರುವ,
ತಮ್ಮ ವಿಶ್ವಾಸಿ,
ಉಮಾಶಂಕರ

ತಾ.ಕ.: ಈ ಪತ್ರವನ್ನು ಕಳುಹಿಸುವ ಮುನ್ನ ಮೈಥಿಲಿ ಓದಿದಳು. ನನ್ನ ಬ್ಯಾಗಿನಿಂದ ಕಾರ್ಖಾನೆಯ ಡೀವಿಯೇಶನ್ ಫಾರಂ ಒಂದನ್ನು ತೆಗೆದು ತುಂಬಿದಳು. ಮೂಲ ಕಾರಣ ಎಂಬಲ್ಲಿ ನಾನು ತಮ್ಮ ಪಟ್ಟಿಯ ಹೆಸರನ್ನು ನಿರೀಕ್ಷಿಸಿದ್ದೆ. ಅವಳು ‘ಗಂಡ’ ಎಂದು ಬರೆದಿದ್ದಾಳೆ. ಸರಿಪಡಿಸುವ ಕ್ರಮ: ‘ಮುಂದಿನ ಜೂನ್‌ಗೆ ಮತ್ತೆ ಅದೇ ಸೇತುವೆ. ಮೊದಲು ಸೀರೆ ಪೆಟ್ಟಿಗೆಗೆ. ಜಾಗ ಉಳಿದರೆ ಗಂಡ.’ ಪರಿಶೀಲಿಸಿದೆ, ತಪ್ಪೇನೂ ಸಿಗಲಿಲ್ಲ. ಸಹಿ ಹಾಕಿದ್ದೇನೆ.