ಮಾವನವರ ಪೂಜೆಯಲ್ಲಿ ನನ್ನ ಅಪ್‌ಡೇಟು

ಕೆಟ್ಟುಹೋದ ವಸ್ತುವನ್ನು ತಾನೇ ಸರಿಮಾಡುತ್ತೇನೆಂದು ಹೊರಡುವ ಗಂಡಸಿಗೆ ಇರುವುದು ಎರಡೇ ಭಯ. ಒಂದು, ಅದು ಪೂರ್ತಿ ಕೆಟ್ಟುಹೋದರೆ ಎಂಬುದು. ಇನ್ನೊಂದು, ಅದು ಕೆಡುವ ಹೊತ್ತಿಗೆ ಸರಿಯಾಗಿ ಹೆಂಡತಿ ಬೆನ್ನ ಹಿಂದೆ ಬಂದು ನಿಂತರೆ ಎಂಬುದು. ಮೊದಲನೆಯ ಭಯವನ್ನು ನಾನು ಎಂದೋ ಗೆದ್ದಿದ್ದೇನೆ. ಮರಳೂರಿನ ನಮ್ಮ ಮನೆಯ ಅಟ್ಟದ ಮೇಲೆ ನಾನು ಸರಿಮಾಡಿದ ಟೇಬಲ್ ಫ್ಯಾನು, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ ಎಲ್ಲ ಇವತ್ತಿಗೂ ವಿಶ್ರಾಂತಿ ಪಡೆಯುತ್ತಿವೆ. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ಕೀಪರ್. ಹಗಲೆಲ್ಲ ನಟ್ಟು ಬೋಲ್ಟುಗಳ ಸಹವಾಸ. ಅವುಗಳನ್ನು ಎಣಿಸಿಕೊಡುವುದಷ್ಟೇ ನನ್ನ ಕೆಲಸ, ಬಿಗಿ ಮಾಡುವುದಲ್ಲ ಎಂದು ನನ್ನ ಹೆಂಡತಿ ಶೈಲಜ ಆಗಾಗ ನೆನಪಿಸುತ್ತಿರುತ್ತಾಳೆ.

ಈ ಸಲ ಕೆಟ್ಟದ್ದು ಅವಳ ಕಂಪ್ಯೂಟರು. ಶೈಲಜ ಮನೆಯಲ್ಲೇ ಬ್ಲೌಸುಗಳಿಗೆ ಮಿಷನ್ ಕಸೂತಿ ಹಾಕಿಕೊಡುತ್ತಾಳೆ. ಹೂವು, ಬಳ್ಳಿ, ನವಿಲುಗಳನ್ನೆಲ್ಲ ಮೊದಲು ಕಂಪ್ಯೂಟರಿನಲ್ಲಿ ಅಳತೆಗೆ ಕೂರಿಸಿ ಆಮೇಲೆ ಮಿಷನ್ನಿಗೆ ಕೊಡಬೇಕು. ಕುಣಿಗಲ್ಲಿನ ಮದುವೆ ಹುಡುಗಿಯೊಬ್ಬಳ ಬ್ಲೌಸು ಬಂದಿತ್ತು. ತುಮಕೂರಿನ ಆಚೆಯಿಂದ ಶೈಲಜಳಿಗೆ ಬಂದ ಮೊದಲ ಆರ್ಡರು ಅದು. ಭಾನುವಾರ ಕೊಡಬೇಕು. ಆದರೆ ನವಿಲಿಗೆ ಕತ್ತು ಮೂಡುವಷ್ಟರಲ್ಲಿ ಪರದೆ ನೀಲಿಗಟ್ಟಿ, ಕಂಪ್ಯೂಟರು ಆರಿಹೋಗುತ್ತಿತ್ತು. ಮತ್ತೆ ಹಾಕಿದರೆ ಮತ್ತೆ ಕತ್ತಿನವರೆಗೆ, ಮತ್ತೆ ನೀಲಿ. ಶೈಲಜ ಅಳುವವಳಲ್ಲ. ಆ ದಿನ ಮಾತ್ರ ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಇದೊಂದು ತಪ್ಪಿದ್ರೆ ಕುಣಿಗಲ್ ಕಡೆಯಿಂದ ಇನ್ಯಾರ್ ಬರ್ತಾರ್ರೀ” ಎಂದಳು. ನನಗೆ ಸಂಕಟವಾಯಿತು. ಸಂಕಟವಾದಾಗ ನಾನು ಸ್ಕ್ರೂ ಡ್ರೈವರ್ ಹುಡುಕುತ್ತೇನೆ.

ಡಬ್ಬ ಬಿಚ್ಚಿ ಧೂಳು ಹೊಡೆದೆ. ರ‍್ಯಾಮನ್ನು ಕಿತ್ತು, ಯಾರೋ ಯೂಟ್ಯೂಬಿನಲ್ಲಿ ಹೇಳಿದಂತೆ ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಸೆಖೆಗೆ ಹೀಗಾಡುತ್ತಿರಬಹುದೆಂದು ನಡುಮನೆಯ ಸ್ಟ್ಯಾಂಡ್ ಫ್ಯಾನನ್ನು ಅದರ ಕಡೆ ತಿರುಗಿಸಿದೆ. ನಾವು ಬೆವರಿದೆವು, ಅದು ತಣ್ಣಗೆ ಕೂತು ಕೆಟ್ಟಿತು. ರಿಪೇರಿ ಅಂಗಡಿಯವನು, “ಬಿಟ್ಟೋಗಿ ಸಾರ್, ಮುಂದಿನ ವಾರ ನೋಡ್ತೀನಿ” ಎಂದ. ಮುಂದಿನ ವಾರದ ಹೊತ್ತಿಗೆ ಹುಡುಗಿ ಗಂಡನ ಮನೆ ಸೇರಿರುತ್ತಾಳೆ. ಕೊನೆಗೆ ಕಂಪ್ಯೂಟರ್ ಮಾಡಿದ ಕಂಪನಿಯ ವೆಬ್‌ಸೈಟಿನಲ್ಲೇ ಮದ್ದು ಸಿಕ್ಕಿತು. ನಮ್ಮ ಮಾಡೆಲಿಗೆ ಹೀಗೆ ಆರಿಹೋಗುವ ಕಾಯಿಲೆ ಇದೆಯಂತೆ, ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೆ ಹೋಗುತ್ತದಂತೆ.

ಫರ್ಮ್‌ವೇರ್ ಎಂದರೆ ಬೇರೇನಲ್ಲ. ಕಂಪ್ಯೂಟರು ಎದ್ದ ತಕ್ಷಣ ತಾನು ಯಾರು, ತನ್ನ ಕೈಕಾಲು ಎಲ್ಲಿವೆ ಎಂದು ನೆನಪು ಮಾಡಿಕೊಡುವ ಪುಟ್ಟ ತಂತ್ರಾಂಶ. ಅದನ್ನು ಬದಲಿಸುವಾಗ ನಡುವೆ ಕರೆಂಟು ಹೋದರೆ ಹಳೆಯ ನೆನಪೂ ಇಲ್ಲ, ಹೊಸದೂ ಇಲ್ಲ, ಕಂಪ್ಯೂಟರು ಮತ್ತೆ ಏಳುವುದೇ ಇಲ್ಲ. ಇದನ್ನು ಶೈಲಜಳಿಗೆ ಪ್ರಾಮಾಣಿಕವಾಗಿ ವಿವರಿಸಿದ್ದು ನನ್ನ ತಪ್ಪು. “ಅದರ ತಂಟೆಗೆ ಹೋಗ್ಬೇಡಿ. ಅತ್ಲಾಗೆ ನೀಲಿಯಾದ್ರೂ ಬರ್ತೈತೆ, ನೀವ್ ಮುಟ್ಟಿದ್ರೆ ಅದೂ ಬರಲ್ಲ” ಎಂದು ಅಪ್ಪಣೆ ಮಾಡಿದಳು. ಆದ್ದರಿಂದ ಗುಟ್ಟಾಗಿ ಮಾಡುವುದೆಂದು ತೀರ್ಮಾನಿಸಿದೆ.

ಇನ್ನು ಕರೆಂಟಿನ ಮಾತು. ನಮ್ಮ ಯುಪಿಎಸ್ಸಿನ ಬ್ಯಾಟರಿ ಸತ್ತು, ಅದರ ಮೇಲೀಗ ಮನಿ ಪ್ಲಾಂಟ್ ಬೆಳೆದಿದೆ. ವಿದ್ಯುತ್ ಕಚೇರಿಗೆ ಫೋನ್ ಮಾಡಿ, “ನಾಳೆ ಬೆಳಗ್ಗೆ ಕರೆಂಟ್ ತೆಗೀತೀರಾ?” ಎಂದು ಕೇಳಿದೆ. “ನಮ್ದೇನಿಲ್ಲ ಸಾರ್. ಮನೆ ಒಳಗೆ ಟ್ರಿಪ್ ಆದ್ರೆ ನಮ್ಮನ್ ಕೇಳ್ಬೇಡಿ” ಎಂದರು. ಅವರು ನಮ್ಮ ಮನೆಯನ್ನು ಕಂಡವರಂತೆಯೇ ಮಾತಾಡಿದರು. ಮಿಕ್ಸಿ ಹಾಕಿದರೆ ನಮ್ಮಲ್ಲಿ ಲೈಟು ಕಣ್ಣು ಮಿಟುಕಿಸುತ್ತದೆ. ಮಿಕ್ಸಿಯ ಜೊತೆ ನೀರಿನ ಮೋಟಾರೂ ಸೇರಿದರೆ ಇಡೀ ಮನೆ ಕತ್ತಲು. ಯಾರೂ ಯಾವ ಸ್ವಿಚ್ಚನ್ನೂ ಮುಟ್ಟದ ಗಳಿಗೆ ನಮ್ಮ ಮನೆಯಲ್ಲಿ ಎಲ್ಲಿಂದ ತರುವುದು?

ಹಾಗೆ ಯೋಚಿಸುತ್ತಿದ್ದಾಗ ಗುಬ್ಬಿಯಿಂದ ಮಾವನವರು ತೆಂಗಿನಕಾಯಿ ಚೀಲದೊಂದಿಗೆ ಬಂದಿಳಿದರು. ನನ್ನ ಎದೆ ಹೂವಾಯಿತು. ಅಳಿಯನೊಬ್ಬ ಮಾವನನ್ನು ಕಂಡು ಇಷ್ಟು ಸಂತೋಷಪಟ್ಟದ್ದು ಅಪರೂಪವೇ ಇರಬೇಕು. ಮಾವನವರು ಬೆಳಗ್ಗೆ ದೇವರ ಮನೆಯಲ್ಲಿ ಕಪ್ಪು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆಗೆ ಕೂತರೆಂದರೆ ಏಳುವವರೆಗೂ ಮನೆಯಲ್ಲಿ ಪಿಟ್ಟೆನ್ನುವಂತಿಲ್ಲ. ಟಿವಿ ಇಲ್ಲ, ಮಿಕ್ಸಿ ಇಲ್ಲ, ಮೋಟಾರಿಲ್ಲ. ಕುಕ್ಕರ್ ಕೂಡ ಕೂಗುವಂತಿಲ್ಲ. ಇದೇ ನಿಯಮವನ್ನು ನಾನು ಕಾಫಿ ತಡವಾಗುತ್ತದೆಂದು ವರ್ಷಗಟ್ಟಲೆ ಬೈದುಕೊಂಡಿದ್ದೆ. ನನ್ನ ಇಷ್ಟಲಿಂಗವೂ ತನ್ನ ಪುಟ್ಟ ಡಬ್ಬಿ, ಕರಡಿಗೆಯೊಳಗೆ ದೇವರ ಮನೆಯ ಗೂಡಿನಲ್ಲಿದೆ. ಹಬ್ಬದ ದಿನ ಬಿಟ್ಟರೆ ನಾನು ಅದರ ಮುಂದೆ ಕೂತವನಲ್ಲ. ಮಾವನವರಿಗೆ ಆ ಕೊರಗು ಇತ್ತು, ದೊಡ್ಡ ಮನುಷ್ಯರು, ಬಾಯಿಬಿಟ್ಟು ಅಂದವರಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಎದ್ದೆ. ಆಮೇಲೆ ಗೀಸರ್ ಹಾಕುವಂತಿಲ್ಲವೆಂದು ಮೊದಲೇ ಸ್ನಾನ ಮುಗಿಸಿದೆ. ಕರೆಂಟಿನ ಮೇಲೆ ಭಾರ ಬೇಡವೆಂದು ಫ್ಯಾನು ಆರಿಸಿದೆ. ಸೆಖೆಗೆ ಅಂಗಿ ತೆಗೆದು ಹೆಗಲಿಗೆ ಟವೆಲ್ ಹಾಕಿಕೊಂಡೆ. ದೇವರ ಮನೆಯ ಬಾಗಿಲು ಮುಚ್ಚಿತು. ನಾನು ಪೆನ್‌ಡ್ರೈವ್ ಚುಚ್ಚಿ, ಕಳೆದುಹೋದೀತೆಂದು ಅದರ ಮುಚ್ಚಳವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗುಂಡಿ ಒತ್ತಿದೆ. ಕಂಪ್ಯೂಟರನ್ನು ಆರಿಸಬೇಡಿ ಎಂಬ ಕೆಂಪು ಅಕ್ಷರ ಬಂತು. ಕೆಳಗೆ ಪರ್ಸೆಂಟ್ ಲೆಕ್ಕ ಓಡತೊಡಗಿತು. ಓಡಿತು ಎಂದೆನೇ? ತೆವಳಿತು. ನಾನು ರೆಪ್ಪೆ ಹೊಡೆಯದೆ, ಒಂದೊಂದು ಅಂಕಿಯನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಾ ನೋಡುತ್ತಿದ್ದೆ.

ಎಂಬತ್ತು ದಾಟಿ ಅದು ನಿಂತುಬಿಟ್ಟಿತು. ಅದೇ ಹೊತ್ತಿಗೆ ದೇವರ ಮನೆಯಲ್ಲಿ ಗಂಟೆ ಮೊಳಗಿತು. ಪೂಜೆ ಮುಗಿಯಿತು! ಅಡುಗೆಮನೆಯಲ್ಲಿ ಶೈಲಜ ಒಂದು ಕೈಯಿಂದ ಮೋಟಾರು, ಇನ್ನೊಂದು ಕೈಯಿಂದ ಚಟ್ನಿಯ ಮಿಕ್ಸಿ ಹಾಕುವ ಸಮಯ. ಬೇಡ ಎಂದು ಕೂಗಿದರೆ ಗುಟ್ಟು ರಟ್ಟು. ಕೂಗದಿದ್ದರೆ ಕಂಪ್ಯೂಟರು, ಕುಣಿಗಲ್ಲಿನ ನವಿಲು, ಅವಳ ಕಣ್ಣೀರು ಎಲ್ಲ ನನ್ನ ತಲೆಗೆ. ನಿಂತ ಅಂಕಿಯನ್ನೇ ತುಟಿಯಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ಬೆನ್ನು ನೆಟ್ಟಗಾಯಿತು, ಕಣ್ಣಲ್ಲಿ ನೀರು ತುಂಬಿತು.

ಬಾಗಿಲು ತೆರೆದು ಮಾವನವರು ಹೊರಬಂದರು. ಪರದೆ ನನ್ನ ಕಡೆ ತಿರುಗಿತ್ತು, ಅವರಿಗೆ ಕಂಡದ್ದು ನಾನು ಮಾತ್ರ. ಮಿಂದ ಮೈ, ಹೆಗಲ ಮೇಲೆ ಟವೆಲು, ಎಡ ಅಂಗೈಯಲ್ಲಿ ಕಪ್ಪಗೆ ಹೊಳೆಯುವ ಏನೋ ಒಂದು, ಅಲುಗುವ ತುಟಿ, ತುಂಬಿದ ಕಣ್ಣು. ಕನ್ನಡಕ ಅವರ ಹಣೆಯ ಮೇಲಿತ್ತು. ಅವರು ಅಡುಗೆಮನೆಯ ಕಡೆ ಕೈಯೆತ್ತಿ ಪಿಸುಗುಟ್ಟಿದರು: “ಸುಮ್ಕಿರವ್ವ, ಏನೂ ಹಾಕ್ಬೇಡ. ಅಳಿಯಂದ್ರು ಪೂಜೆಗೆ ಕೂತವ್ರೆ!”

ಶೈಲಜ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದಳು. ಅಲ್ಲಿಂದ ಪರದೆಯ ಕೆಂಪು ಅಕ್ಷರ ಕಂಡು ಅವಳಿಗೆ ಎಲ್ಲ ಅರ್ಥವಾಯಿತು. ಅವಳ ಮುಖ ಬಿಳಿಚಿಕೊಂಡಿತು, ಆದರೆ ಕೈ ಸ್ವಿಚ್ಚಿಗೆ ಹೋಗಲಿಲ್ಲ. ಮೂವರೂ ಉಸಿರು ಬಿಗಿಹಿಡಿದು ಕಾದೆವು, ಒಬ್ಬರು ಶಿವನಿಗಾಗಿ, ಇಬ್ಬರು ನವಿಲಿಗಾಗಿ. ಅಂಕಿ ಅಲುಗಿತು. ತೊಂಬತ್ತು, ತೊಂಬತ್ತೈದು, ನೂರು! ಪರದೆ ಕಪ್ಪಾಯಿತು. ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ‘ಟಿಣ್’ ಎಂದು ಎದ್ದು ಬಣ್ಣ ಬಣ್ಣವಾಗಿ ಬೆಳಗಿತು. ನಾನು “ಶಿವನೇ!” ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಮಾವನವರು ಕೈಮುಗಿದರು.

ಆ ದಿನ ನವಿಲಿಗೆ ಕತ್ತು ಬಂತು, ಕೊಕ್ಕು ಬಂತು, ಗರಿಯೂ ಬಿಚ್ಚಿತು. ಭಾನುವಾರ ಬ್ಲೌಸು ಹೋಯಿತು. ಮದುವೆಯಲ್ಲಿ ಕಂಡವರು ಕೇಳಿದರೆಂದು ಕುಣಿಗಲ್ಲಿನಿಂದ ಫೋನುಗಳು ಬರುತ್ತಲೇ ಇವೆ. ಶೈಲಜ ನನ್ನನ್ನು ಬೈಯಬೇಕೆಂದುಕೊಂಡು ಬಾಯಿ ತೆರೆದಳು, ನಕ್ಕುಬಿಟ್ಟಳು. ಅಟ್ಟದ ಮೇಲಿನ ಫ್ಯಾನನ್ನೂ ಒಮ್ಮೆ ನೋಡಿ ಎಂದಳು. ನನಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ.

ಮಾವನವರಿಗೆ ಮಾತ್ರ ನಾವಿಬ್ಬರೂ ನಿಜ ಹೇಳಲಿಲ್ಲ. “ಅಂಥಾ ನಿಷ್ಠೆ ನಾನೂ ಕಂಡಿಲ್ಲ ಬುಡಿ ಅಳಿಯಂದ್ರೆ. ಇನ್ಮುಂದೆ ಕುರ್ಚಿ ಮ್ಯಾಲೆ ಯಾಕೆ, ನನ್ ಪಕ್ದಾಗೇ ಕೂತ್ಕಳಿ” ಎಂದು ಹನಿಗಣ್ಣಾದವರಿಗೆ ಪೆನ್‌ಡ್ರೈವಿನ ಮುಚ್ಚಳದ ಕತೆ ಹೇಳುವುದು ಹೇಗೆ? ಗುಬ್ಬಿಗೆ ಹೊರಟವರು ಆ ಸಂತೋಷದಲ್ಲಿ ಇಲ್ಲೇ ಉಳಿದಿದ್ದಾರೆ. ದಿನಾ ಬೆಳಗ್ಗೆ ಮಿಂದು ಅವರ ಪಕ್ಕದಲ್ಲಿ ಕೂರುತ್ತೇನೆ. ಅಂಗೈಯ ಮೇಲಿನ ಲಿಂಗದಲ್ಲಿ ದೃಷ್ಟಿ ನಿಲ್ಲಿಸುತ್ತೇನೆ. ಮನಸ್ಸೂ ನಿಲ್ಲುತ್ತದೆ, ಸುಳ್ಳು ಹೇಳಬಾರದು. ಕಣ್ಣು ಮಾತ್ರ ಈಗಲೂ ಮೆಲ್ಲಗೆ ಕೆಳಗೆ ಜಾರಿ, ಎಷ್ಟು ಪರ್ಸೆಂಟ್ ಆಯಿತೆಂದು ಹುಡುಕುತ್ತದೆ.