ಕರಿಕಲ್ಲು ಇರುವವರೆಗೆ ನಮ್ಮದು

ಅನುಮಾನಪಡುವುದರಲ್ಲಿ ನನ್ನನ್ನು ಮೀರಿಸುವವರು ತಾಯಲೂರಿನ ಸುತ್ತಮುತ್ತ ಯಾರೂ ಇಲ್ಲ. ಶಾಲೆ ಕಂಡದ್ದು ಸ್ವಲ್ಪ, ಮಿಕ್ಕಿದ್ದನ್ನೆಲ್ಲ ಅನುಮಾನದಿಂದಲೇ ಕಲಿತೆ. ಹಾಲಿಗೆ ನೀರು ಬಿದ್ದಿದೆಯೋ, ರೇಷ್ಮೆಗೂಡಿನ ಮಾರ್ಕೆಟ್ಟಿನ ತಕ್ಕಡಿ ಸರಿಯಿದೆಯೋ, ಹೆಂಡತಿ ಸಾರಿಗೆ ಉಪ್ಪು ಹಾಕಿದ್ದಾಳೋ ಇಲ್ಲವೋ ಎಂದು ಬಾಯಿಗಿಡುವ ಮೊದಲೇ ಅನುಮಾನ. ಆದರೆ ದೊಡ್ಡ ಅನುಮಾನವೆಲ್ಲ ಪಕ್ಕದ ಹೊಲದ ಚೌಡಪ್ಪನಿಗೇ ಮೀಸಲು. ನಮ್ಮಿಬ್ಬರ ನಡುವಿನ ಬದುವನ್ನು ಅವನು ಪ್ರತಿ ವರ್ಷ ನನ್ನ ಕಡೆಗೆ ತಳ್ಳುತ್ತಿದ್ದಾನೆಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. "ಕರಿಕಲ್ಲು ಇರೋವರ್ಗೂ ನಮ್ದು, ಬಿಳಿಕಲ್ಲು ಶುರುವಾದ್ರೆ ಅವರ್ದು ಕಣೋ" ಎಂದು ಅಪ್ಪ ಹೇಳಿದ್ದರು. ಎರಡೂ ಮಣ್ಣಿನಡಿ ಮುಚ್ಚಿಹೋಗಿದ್ದವು.

ಆಗ ಬಂದಳು ನೋಡಿ ನನ್ನ ಮೊಮ್ಮಗಳು ರಮ್ಯಾ, ಕೈಯಲ್ಲಿ ಸುತ್ತಿಗೆ ಹಿಡಿದು! ಕಾಲೇಜಿನಲ್ಲಿ ಕಲ್ಲಿನ ಓದು ಓದುತ್ತಾಳೆ. ನಮ್ಮ ವಂಶದಲ್ಲಿ ಕಲ್ಲಿನ ಮೇಲೆ ಕೂತವರುಂಟು, ಕಲ್ಲು ಎಡವಿದವರುಂಟು, ಕಲ್ಲನ್ನು ಓದಿದವಳು ಇವಳೊಬ್ಬಳೇ. ಸಂತೋಷ ತಡೆಯಲಾರದೆ ಬಸ್ಸಿನ ಕಂಡಕ್ಟರಿಗೂ ಹೇಳಿಬಿಟ್ಟೆ.

"ತಾತ, ನೀನು ಹೇಳೋ ಕರಿಕಲ್ಲು ಒಂದು ಕಾಲಕ್ಕೆ ಬೆಂಕಿ ಥರ ಹರಿದಿದ್ದು. ಜೊತೆಗೆ ಸಮುದ್ರದ ತಳದ ಕೆಸರೂ ಪದರ ಪದರವಾಗಿ ಕೂತು ಕಲ್ಲಾಗಿದೆ. ಕೋಲಾರದ ಈ ಸೀಮೇಲಿ ಉದ್ದಕ್ಕೂ ಒಂದು ಪಟ್ಟಿ ಥರ ಹೋಗುತ್ತೆ" ಎಂದಳು.

"ಇಲ್ಲಿ ಸಮುದ್ರಾನಾ? ಬೋರ್‌ವೆಲ್ಲಲ್ಲೇ ನೀರಿಲ್ಲ. ಯಾರೋ ನಿಂಗೆ ಟೋಪಿ ಹಾಕವ್ರೆ ಕಣಮ್ಮ. ಇರ್ಲಿ, ಆ ಪಟ್ಟಿ ಎಲ್ಲಿಗೆ ಮುಗಿಯುತ್ತೆ, ಅದನ್ನ ಹೇಳು."

ಕಳ್ಳ ಎದುರಿಗೇ ಸಿಕ್ಕಿಬೀಳಲೆಂದು ಚೌಡಪ್ಪನನ್ನೂ ಕರೆಸಿದೆ. ಬದುವಿನ ಬುಡ ಅಗೆಸಿದಳು. ಬಿಳಿಕಲ್ಲು. ನನ್ನ ಕಡೆಗೆ ಸರಿದು ಅಗೆಸಿದಳು. ಅಲ್ಲೂ ಬಿಳಿಕಲ್ಲೇ. ನನ್ನ ಹಿಪ್ಪುನೇರಳೆ ಸಾಲು ದಾಟಿದ ಮೇಲೆ ಹಾರೆ ಕರಿಕಲ್ಲಿಗೆ ಟಣ್ಣೆಂದಿತು.

"ತಾತ, ನಿನ್ನ ಹಿಪ್ಪುನೇರಳೆ ಅವರ ಹೊಲದಲ್ಲಿದೆ."

"ಸರಿಯಾಗಿ ನೋಡಮ್ಮ, ಕಲ್ಲು ಜರುಗಿರ್ಬೇಕು."

"ಮನುಷ್ಯರು ಹುಟ್ಟೋಕೆ ಮುಂಚಿನ ಕಲ್ಲು ತಾತ. ಜರುಗಿರೋದು ಬದು!"

ಪ್ರತಿ ವರ್ಷ ಬದುವಿಗೆ ಮಣ್ಣು ಏರಿಸುತ್ತಿದ್ದವನು ನಾನೇ. ಚೌಡಪ್ಪ ತಳ್ಳಿಯಾನೆಂಬ ಭಯಕ್ಕೆ ಅವನ ಕಡೆ ಒಂದು ಮಂಕರಿ ಹೆಚ್ಚಿಗೇ ಸುರಿಯುತ್ತಿದ್ದೆ, ಈ ಕಡೆಯಿಂದ ಕೆರೆದುಕೊಳ್ಳುತ್ತಿದ್ದೆ.

ಚೌಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಮಣ್ಣಾ, ಇಷ್ಟು ವರ್ಷ ನನ್ನ ಬೈದಿದ್ದು ನನ್ನ ಹೊಲದಾಗೇ ನಿಂತ್ಕೊಂಡಾ? ಹೋಗ್ಲಿ, ಗಿಡ ಕೀಳ್ಬೇಡ. ನಿನ್ನ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟೋವರ್ಗೂ ಸೊಪ್ಪು ಕೊಯ್ಕೋ. ಮಗೂಗೆ ಮಾವಿನಹಣ್ಣು ಕಳಿಸ್ತೀನಿ."

ತಾತನೆಂದೂ ನೋಡದೆ ನಿಜ ಹೇಳಿದ ಮೊಮ್ಮಗಳು! ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ, ಹೊಲ ಹೋದದ್ದೂ ನೆನಪಾಗುವುದಿಲ್ಲ. ಆದರೆ ಆ ಚೌಡಪ್ಪ? ಜಮೀನಿನ ವಿಷಯದಲ್ಲಿ ಮನುಷ್ಯ ಇಷ್ಟು ಒಳ್ಳೆಯವನಾಗಿರುತ್ತಾನೆಯೇ? ಅವನು ಕಳಿಸಿದ ಮಾವಿನ ಬುಟ್ಟಿಯನ್ನು ಬುಡದವರೆಗೂ ತಡಕಿ ನೋಡಿದೆ. ಒಂದೇ ಒಂದು ಹಣ್ಣೂ ಕೊಳೆತಿರಲಿಲ್ಲ. ನನಗೆ ಅನುಮಾನ ಇನ್ನೂ ಜಾಸ್ತಿಯಾಗಿದೆ.