ಪಾರ್ಕಿನ ಒಳಗೆ ಉಳಿಯೋದಾ, ಹೊರಗಾ?

ಮನುಷ್ಯರನ್ನ ಮನೆ ಬಿಟ್ಟು ಹೊರಗೆ ಕರ್ಕಂಡು ಹೋದ್ರೆ ಸಾಕು, ನಗಾಕೆ ಏನಾದ್ರೂ ಒಂದು ಸಿಕ್ಕೇ ಸಿಗ್ತೈತೆ. ಅದರಲ್ಲೂ ಅವರನ್ನ ಒಂದು ರಾತ್ರಿ ಬೇರೆ ಕಡೆ ಮಲಗಿಸ್ಬೇಕು ಅಂದ್ರೆ ಕೇಳಾದೇ ಬ್ಯಾಡ. ಹನ್ನೆರಡು ವರ್ಷದಿಂದ ಹೊಸದುರ್ಗದಲ್ಲಿ ಒಂದು ಟಿಟಿ ಗಾಡಿ ಇಟ್ಕಂಡು ಜನಕ್ಕೆ ಟೂರ್ ಮಾಡಿಸ್ತಿದ್ದೀನಿ. ಒಂದು ಟ್ರಿಪ್ಪೂ ಸಪ್ಪಗೆ ಹೋಗಿದ್ದಿಲ್ಲ.

ನನ್ನ ಆಫೀಸು ಅಂದ್ರೆ ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿಯಲ್ಲಿ ಒಂದು ಟೇಬಲ್ಲು, ಎರಡು ಕುರ್ಚಿ. ಬೇಸಿಗೆ ರಜಾ ಬಂತೂ ಅಂದ್ರೆ ಎಲ್ರಿಗೂ ಬೆಂಗಳೂರಿನ ಆಚೆ ಇರೋ ನೀರಾಟದ ಪಾರ್ಕೇ ಬೇಕು. ಬಂದೋರಿಗೆ ನಾನು ಕೇಳೋದು ಒಂದೇ ಪ್ರಶ್ನೆ: "ಒಳಗಾ, ಹೊರಗಾ?" ಒಳಗೆ ಅಂದ್ರೆ ಪಾರ್ಕಿನವರದೇ ರಿಸಾರ್ಟು. ರೇಟು ಜಾಸ್ತಿ, ಬಾಗಿಲು ತೆಗೆದ್ರೆ ಜಾರುಬಂಡೆ. ಹೊರಗೆ ಅಂದ್ರೆ ಹೈವೇ ಪಕ್ಕದ ಲಾಡ್ಜು. ರೇಟು ಕಮ್ಮಿ, ಬಾಗಿಲು ತೆಗೆದ್ರೆ ಲಾರಿ.

ಈ ಪ್ರಶ್ನೆಗೆ ಯೋಚನೆನೇ ಮಾಡದೆ ಉತ್ತರ ಹೇಳ್ತಿದ್ದೋಳು ಒಬ್ಬಳೇ, ನನ್ನ ಹೆಂಡ್ತಿ. "ಒಳಗೆ." ಗಾಡಿ ತಗಂಡ ವರ್ಷಾನೇ ನಮ್ಮ ಮದುವೆ ಆಗಿದ್ದು, ಆಗಲೇ ಮಾತು ಕೊಟ್ಟಿದ್ದೆ, ಒಂದ್ಸಲ ನಿನ್ನ ಒಳಗೆ ಉಳಿಸ್ತೀನಿ ಅಂತ. ಸೀಸನ್ ಇದ್ದಾಗ ಗಾಡಿ ಖಾಲಿ ಇರಲ್ಲ, ಗಾಡಿ ಖಾಲಿ ಇದ್ದಾಗ ಮಗಳಿಗೆ ರಜಾ ಇರಲ್ಲ. ಹಿಂಗೇ ತಳ್ಕಂಡು ಬಂದೆ. ಈ ಯುಗಾದಿ ದಿನ ಬೇವು-ಬೆಲ್ಲ ಕೈಗಿಟ್ಟು ಹೇಳಿದ್ಲು: "ಸ್ಕೂಲ್ ಶುರುವಾಗೋದ್ರೊಳಗೆ ಕರ್ಕಂಡು ಹೋಗ್ಲಿಲ್ಲ ಅಂದ್ರೆ ನಿಮ್ಮ ಟೇಬಲ್ ಮುಂದೆ ಬಂದು ಕುಂತ್ಕಂತೀನಿ. ಪ್ಯಾಸೆಂಜರ್ ಅಂತ ಹೆಸರು ಬರ್ಕಳ್ರಿ. ತಿಂಡಿ ನಮ್ಮದೇ ಅಂತ ಬೋರ್ಡ್ ಹಾಕಿದ್ದೀರಲ್ಲ, ಅದನ್ನೂ ಕೊಡ್ರಿ."

ಆ ತಿಂಡಿ ಮಾತು ಬಂದ್ರೆ ನಾನು ಬೇರೆ ವಿಷಯ ತೆಗೀತೀನಿ. ಯಾಕಂದ್ರೆ ಬೋರ್ಡ್ ಬರೆಸಿದ್ದು ನಾನು. ಟ್ರಿಪ್ ಇದ್ದ ದಿನ ಮೂರು ಗಂಟೆಗೆ ಎದ್ದು ಹದಿನಾಲ್ಕು ಜನಕ್ಕೆ ಚಿತ್ರಾನ್ನ ಕಲಸಿ ಪೊಟ್ಟಣ ಕಟ್ಟೋದು ಅವಳು.

ಮೇಷ್ಟ್ರ ಕಾಗದ

ಸಿರಿಗೆರೆ ಕಡೆಯಿಂದ ಒಬ್ರು ರಿಟೈರಾದ ಲೆಕ್ಕದ ಮೇಷ್ಟ್ರು ಬಂದ್ರು. ಮೊಮ್ಮಕ್ಕಳನ್ನ ಪಾರ್ಕಿಗೆ ಕರ್ಕಂಡು ಹೋಗ್ಬೇಕಂತೆ. "ಒಳಗಾ, ಹೊರಗಾ ಮೇಷ್ಟ್ರೇ?" ಅಂದೆ. ಜೇಬಿಂದ ಒಂದು ಬಿಳಿ ಕಾಗದ ತೆಗೆದು, ನನ್ನ ಸ್ಕೇಲೇ ಇಸ್ಕಂಡು ಮಧ್ಯಕ್ಕೆ ಒಂದು ಗೀಟು ಎಳೆದ್ರು. ಎಡಕ್ಕೆ ಒಳಗೆ, ಬಲಕ್ಕೆ ಹೊರಗೆ.

ಅವತ್ತಿಂದ ದಿನಾ ಬಸ್ಸಿಗೆ ಬರೋದು, ಕುಂತ್ಕಳದು, ಒಂದೊಂದೇ ಕೇಳಿ ಎರಡೂ ಕಡೆ ಮಾರ್ಕ್ಸ್ ಹಾಕೋದು. ಬಿಸಿನೀರು ಎಷ್ಟು ಗಂಟೆಗೆ ಬಿಡ್ತಾರೆ? ಸೊಳ್ಳೆ ಎಲ್ಲಿ ಜಾಸ್ತಿ? ಒಂದಿನ "ಒಳಗಿನ ರೂಮಿಂದ ನೀರಿಗೆ ಎಷ್ಟು ಹೆಜ್ಜೆ?" ಅಂದ್ರು.

"ಯಾರ ಹೆಜ್ಜೆ ಮೇಷ್ಟ್ರೇ?"

"ನನ್ನವು. ಮೊಮ್ಮಕ್ಕಳದ್ದಕ್ಕೆ ಬೇರೆ ಸಾಲು ಬಿಟ್ಟಿದ್ದೀನಿ."

ನಾನೇನು ಮಾಡ್ಲಿ? ಮುಂದಿನ ಟ್ರಿಪ್ಪಲ್ಲಿ ಹೋದಾಗ ಪಂಚೆ ಉಟ್ಟೋರ ಥರ ಸಣ್ಣ ಹೆಜ್ಜೆ ಇಟ್ಕಂಡು ಎಣಿಸ್ಕಂಡು ಬಂದೆ. ಇಪ್ಪತ್ತು ದಿನ ಆದ್ಮೇಲೆ ಮೇಷ್ಟ್ರು ಎರಡೂ ಕಡೆ ಕೂಡಿಸಿದ್ರು. ಸಮ ಬಂತು. ಕನ್ನಡಕ ತೆಗೆದು ಒರೆಸ್ಕಂಡು, "ಉಳಿಯೋದೇ ಬ್ಯಾಡ ಬಿಡಪ್ಪ, ಹೋಗಿ ಅವತ್ತೇ ವಾಪಸ್ ಬರಾಣ" ಅಂದ್ರು.

ಹಂಗೇ ಹೋಗಿ ಬಂದ್ವಿ. ಮೊಮ್ಮಕ್ಕಳೆಲ್ಲ ಸೀಟಿನ ಮೇಲೆ ಬಿದ್ಕಂಡು ನಿದ್ದೆ. ಮೇಷ್ಟ್ರ ಸೊಂಟ ಹಿಡ್ಕಂಡಿತ್ತು. ಅವರ ಮನೆ ಮುಂದೆ ನಿಲ್ಲಿಸಿದಾಗ ನಿಧಾನಕ್ಕೆ ಇಳಿದು, "ತಪ್ಪು ಮಾಡಿದ್ವಿ ಕಣಯ್ಯ, ಉಳ್ಕಬೇಕಿತ್ತು" ಅಂದ್ರು. ನನ್ನ ನಾಲಿಗೆ ಸುಮ್ನಿರಬೇಕಲ್ಲ. "ಒಳಗಾ, ಹೊರಗಾ ಮೇಷ್ಟ್ರೇ?" ಅಂದುಬಿಟ್ಟೆ.

ಇಳಿದೋರು ಮತ್ತೆ ಗಾಡಿ ಹತ್ತಿ ಕುಂತು ಕಾಗದ ತೆಗೆದ್ರು.

ಅಜ್ಜಿ ಬುತ್ತಿ

ಹೊಳಲ್ಕೆರೆಯ ಒಂದು ಕುಟುಂಬ ಒಳಗೇ ರೂಮು ಹಿಡೀತು. ಮನೆಯ ಅಜ್ಜಿ ಎರಡು ದಿನಕ್ಕಾಗೋ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಎಲ್ಲಾ ಬುತ್ತಿ ಕಟ್ಕಂಡು ಬಂದಿದ್ರು. ಗೇಟಲ್ಲಿ ಸೆಕ್ಯೂರಿಟಿಯವನು ಡಬ್ಬಿ ಮುಚ್ಚಳ ತೆಗೆದು ನೋಡಿ, "ಹೊರಗಿನ ಊಟ ಒಳಗೆ ಬಿಡಲ್ಲ ಅಜ್ಜಿ" ಅಂದ.

"ಮಲಗಾಕೆ ದುಡ್ಡು ಕೊಟ್ಟೀವಪ್ಪ, ಉಪಾಸ ಇರಾಕಲ್ಲ."

"ರೂಲ್ಸ್ ಅಜ್ಜಿ, ನಾನೇನು ಮಾಡ್ಲಿ."

"ಆತು ಬಿಡು. ಊಟ ಒಳಗೆ ಬರದಿದ್ರೆ ನಾವೇ ಹೊರಗೆ ಬರ್ತೀವಿ."

ಹೇಳಿದಂಗೇ ಮಾಡಿದ್ರು. ಹೊತ್ತೊತ್ತಿಗೂ ಇಡೀ ಮನೆಯೋರು ನೀರು ಸುರಿಸ್ಕಂಡು ಗೇಟ್ ದಾಟಿ ಬರೋದು, ನನ್ನ ಗಾಡಿ ನೆರಳಲ್ಲಿ ಚಾಪೆ ಹಾಸ್ಕಂಡು ಸಾಲಾಗಿ ಕುಂತ್ಕಳದು. ಮೊದಲನೇ ದಿನ ಸೆಕ್ಯೂರಿಟಿಯವನು ದೂರದಿಂದ ನೋಡ್ದ. ಅಜ್ಜಿ ಕರೆದ್ರು: "ಬಾರಪ್ಪ, ನಿನ್ನ ಮೇಲೆ ಸಿಟ್ಟಿಲ್ಲ, ಎರಡು ರೊಟ್ಟಿ ತಿನ್ನು." ಎರಡನೇ ದಿನ ಕರೆಯೋದಕ್ಕೆ ಮುಂಚೇನೇ ಬಂದು ಚಾಪೆ ತುದಿ ಹಿಡ್ದಿದ್ದ. ಅಷ್ಟರಲ್ಲಿ ಅವನ ಮೇಲಿನ ಸಾಹೇಬ್ರು ಬಂದು, "ಏಯ್, ಏನ್ ಮಾಡ್ತಿದ್ದೀಯೋ ಅಲ್ಲಿ?" ಅಂತ ಗದರಿದ್ರು.

ಬಾಯ್ತುಂಬ ರೊಟ್ಟಿ ಇಟ್ಕಂಡೇ ಎದ್ದು ಸಲ್ಯೂಟ್ ಹೊಡೆದು ಹೇಳ್ದ: "ಹೊರಗಿನ ಊಟ ಸಾರ್. ರೂಲ್ಸ್ ಪ್ರಕಾರ ಹೊರಗೇ ತಿಂತಿದ್ದೀನಿ."

ಇದನ್ನ ಮನೇಲಿ ಹೇಳಿದಾಗ ಹೆಂಡ್ತಿ ನಕ್ಕು ನಕ್ಕು ಕಣ್ಣೊರೆಸ್ಕಂಡ್ಲು. ಆಮೇಲೆ, "ರಿಸಾರ್ಟಲ್ಲೇ ಉಂಡ್ರೆ ತಟ್ಟೆ ಯಾರು ತೊಳೀತಾರೆ ರೀ?" ಅಂದ್ಲು. "ಅವರೇ ಕಣೇ. ಅದು ಬಿಡು, ಈ ಸಲ ಹೊಸಾ ಜಾರುಬಂಡೆ ಹಾಕವ್ರೆ, ಮೂರು ಅಂತಸ್ತು!" ಅಂದೆ. "ಹೂಂ" ಅಂದ್ಲು.

ಎದುರಿಗೇ ಇರೋ ಲಾಡ್ಜು

ಹಿರಿಯೂರಿನ ಒಬ್ರು ಹಾರ್ಡ್‌ವೇರ್ ಅಂಗಡಿ ಸಾಹುಕಾರ್ರು. ಗಂಜಿ ಹಾಕಿದ ಬಿಳಿ ಪಂಚೆ, ಬಿಳಿ ಶರ್ಟು ಬಿಟ್ಟು ಬೇರೆ ಬಟ್ಟೇಲಿ ಅವರನ್ನ ಯಾರೂ ನೋಡಿಲ್ಲ. "ಫೋನಲ್ಲಿ ನೋಡೀನಿ. ಪಾರ್ಕಿನ ಎದುರಿಗೇ ಲಾಡ್ಜ್ ಐತೆ, ರೋಡ್ ದಾಟಿದ್ರೆ ಗೇಟು. ಒಳಗ್ಯಾಕೆ ಸುಮ್ನೆ?" ಅಂದ್ರು.

ಅವರು ಹೇಳಿದ್ದು ಸುಳ್ಳಲ್ಲ. ಎದುರಿಗೇ ಇತ್ತು. ನಡುವೆ ಹೈವೇ ಇತ್ತು, ಹೈವೇ ನಡುವೆ ಎದೆಮಟ್ಟ ಕಬ್ಬಿಣದ ಬೇಲಿ ಇತ್ತು. ಗಾಡಿ ತಿರುಗಿಸ್ಬೇಕು ಅಂದ್ರೆ ನಾಕು ಕಿಲೋಮೀಟರ್ ಮುಂದೆ ಹೋಗಿ ಸೇತುವೆ ಕೆಳಗೆ ತಿರುಗಿ, ನಾಕು ಕಿಲೋಮೀಟರ್ ವಾಪಸ್ ಬರಬೇಕು. ಮಕ್ಕಳು ಲಾಡ್ಜ್ ಕಿಟಕಿಗೆ ಮೂಗು ಒತ್ಕಂಡು "ಅಪ್ಪಾ, ಅಲ್ಲೇ ಕಾಣ್ತೈತಲ್ಲ" ಅಂತಾವೆ. ಸಾಹುಕಾರ್ರು ಪಂಚೆ ನೆರಿಗೆ ಸರಿ ಮಾಡ್ಕಂತಾರೆ.

ಒಣ ಬಟ್ಟೆನೂ ಲಾಡ್ಜಲ್ಲೇ ಬಿಟ್ಟಿದ್ರು, "ಎದುರಿಗೇ ಐತಲ್ಲ, ಬಂದು ಬದಲಾಯಿಸಿದ್ರಾತು" ಅಂತ. ಪಂಚೇಲಿ ನೀರಿಗೆ ಬಿಡಲ್ಲ ಅಂದಿದ್ದಕ್ಕೆ ಅಲ್ಲೇ ಒಂದು ಹೂವಿನ ಚಡ್ಡಿ ಕೊಂಡು ಹಾಕ್ಕಂಡಿದ್ರು. ಬಿಚ್ಚಿಟ್ಟ ಪಂಚೇನೂ ಮಕ್ಕಳು ನೆನೆಸಿಬಿಟ್ಟಿದ್ರು. ಆಟ ಮುಗಿದ ಮೇಲೆ ಸೀಟಿನ ಮೇಲೆ ತಾಡಪಾಲು ಹಾಸಿ ಎಲ್ರನ್ನೂ ಹಂಗೇ ಕೂರಿಸ್ಕಂಡು ಹೊರಟೆ. ತಿರುವಿನ ಹತ್ರ ಡೀಸೆಲ್ ಹಾಕ್ಸಾಣ ಅಂತ ಬಂಕಿಗೆ ಗಾಡಿ ಬಿಟ್ಟೆ ನೋಡ್ರಿ, ಪಕ್ಕದಲ್ಲಿ ಒಂದು ಕಾರು, ಅದರಲ್ಲಿ ಹಿರಿಯೂರಿನೋರೇ ಮೂರು ಜನ. ಸಾಹುಕಾರ್ರ ಅಂಗಡಿಯ ಖಾಯಂ ಗಿರಾಕಿಗಳು!

ಸಾಹುಕಾರ್ರು ಸರ್ರಂತ ಸೀಟಿನ ಕೆಳಗೆ ಇಳಿದು ಕುಕ್ಕರುಗಾಲಲ್ಲಿ ಕುಂತ್ರು. "ನಾನಿಲ್ಲ ಅಂತ ಹೇಳು" ಅಂದ್ರು ನಂಗೆ. ಅವರಲ್ಲೊಬ್ಬ ಕಿಟಕಿ ಹತ್ರ ಬಂದು, ಮಕ್ಕಳ ಗುರ್ತು ಹಿಡಿದು, "ಯಜಮಾನ್ರು ಬಂದಿಲ್ವಾ? ಎರಡಿಂಚಿನ ಪೈಪ್ ಬಂದೈತಾ ಅಂತ ಕೇಳಾಣ ಅಂದ್ಕಂಡಿದ್ದೆ" ಅಂದ.

ಮೂವತ್ತು ವರ್ಷದ ವ್ಯಾಪಾರ. ಹೂವಿನ ಚಡ್ಡಿ ಸಮೇತ ಸೀಟಿನ ಕೆಳಗಿಂದ ಎದ್ದು ನಿಂತು ಕೇಳಿದ್ರು: "ಬಂದೈತೆ. ಎಷ್ಟು ಬೇಕು?"

ನಾಕು ರೂಮು ಯಾರಿಗೆ?

ಹರಿಯಬ್ಬೆ ಕಡೆಯ ಒಂದು ಕುರಿ ಸಾಕೋ ಮನೆತನ. ಅಣ್ಣತಮ್ಮಂದಿರು, ಸೊಸೆಯರು, ಮಕ್ಕಳು ಎಲ್ಲಾ ಸೇರಿ ಹದಿನಾಲ್ಕು ಜನ. ಎಲ್ರಿಗಿಂತ ದೊಡ್ಡೋರು ಅಜ್ಜ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮಕ್ಕಳು ಆಸೆಪಟ್ಟು ಒಳಗೇ ಐದು ರೂಮು ಹಿಡಿದಿದ್ರು.

ಸಂಜೆ ಐದು ಬೀಗದಕೈ ಇಸ್ಕಂಡು ಹಂಚಾಕೆ ಹೋದೆ. ಅಜ್ಜ ಕೋಲು ಅಡ್ಡ ಇಟ್ರು. "ಏನಪ್ಪ, ಊರಲ್ಲದ ಊರಲ್ಲಿ ಮಂದೆ ಒಡೀತಾರಾ? ಒಂದೊಂದು ಕಡೆ ಮೂರು ಮೂರು ಬಿಟ್ರೆ ಯಾರು ಕಾಯೋರು?"

"ಅಜ್ಜಾ, ಇಲ್ಲಿ ತೋಳ ಬರಲ್ಲ, ಎಸಿ ಐತೆ" ಅಂದೆ.

"ಐತಾ? ಹಂಗಾದ್ರೆ ಒಂದು ಸಾಕು."

ಅವರ ಮಾತಿಗೆ ಮನೇಲಿ ಎದುರು ಮಾತಿಲ್ಲ. ಬೆಳಿಗ್ಗೆ ರೂಮು ಗುಡಿಸೋ ಹೆಣ್ಮಗಳು ಗಾಬರಿಯಾಗಿ ನನ್ನ ಹತ್ರ ಓಡಿಬಂದ್ಲು. ನಾಕು ರೂಮಲ್ಲಿ ಹಾಸಿಗೆ ಮುಟ್ಟಿಲ್ಲ, ಸೋಪು ಬಿಚ್ಚಿಲ್ಲ, ನಿಮ್ಮ ಪಾರ್ಟಿ ಓಡಿಹೋಗೈತೆ ಅಂತ. ಮ್ಯಾನೇಜರ್ರೂ ಬಂದ್ರು. ಐದನೇ ರೂಮಿನ ಬಾಗಿಲು ತಟ್ಟಿದ್ವಿ.

ಬಾಗಿಲು ತೆರೀತು. ಮೊದಲು ಅಜ್ಜ ಬಂದು ಬಾಗಿಲ ಪಕ್ಕ ನಿಂತ್ರು. ಆಮೇಲೆ ಒಬ್ಬೊಬ್ರೇ ಬಂದ್ರು, ಬಂದ್ರು, ಬರ್ತಾನೇ ಇದ್ರು. ಅಜ್ಜ ಕೋಲಿನಿಂದ ಎರಡೆರಡು ತಲೆ ಎಣಿಸಿ, ತನ್ನನ್ನೂ ಸೇರಿಸ್ಕಂಡು, "ಹದಿನಾಕು. ಸರಿ ಐತೆ" ಅಂದ್ರು. ಮ್ಯಾನೇಜರ್ ಬಾಯಿ ಬಿಟ್ಕಂಡು ನೋಡ್ತಿದ್ರೆ, ಅಜ್ಜ ಖಾಲಿ ರೂಮುಗಳ ಕಡೆ ತಿರುಗಿ ಕನಿಕರದಿಂದ ಕೇಳಿದ್ರು:

"ಆ ನಾಕು ರೂಮು ಯಾರಿಗೆ ಇಟ್ಟಿದ್ರಿ ಸ್ವಾಮಿ? ಪಾಪ, ಅವ್ರು ಬರಲೇ ಇಲ್ವಲ್ಲ."

ಇದನ್ನ ಕೇಳಿದಾಗ ಮಾತ್ರ ನನ್ನ ಹೆಂಡ್ತಿ ನಗಲಿಲ್ಲ. "ನಾಕು ರೂಮಿನ ಹಾಸಿಗೆ ಹಂಗೇ ಇದ್ವಾ? ಯಾರೂ ಮಲಗಲೇ ಇಲ್ವಾ?" ಅಂತ ಎರಡು ಸಲ ಕೇಳಿದ್ಲು. ಎಂಥಾ ಪ್ರಶ್ನೆ ಕೇಳ್ತಾಳಪ್ಪ ಇವಳು ಅಂದ್ಕಂಡೆ.

ನಮ್ಮ ಸರದಿ

ಸ್ಕೂಲ್ ಶುರುವಾಗೋಕೆ ಒಂದು ವಾರ ಇತ್ತು. ಇದ್ದ ಒಂದು ಬುಕಿಂಗ್ ಬೇರೆ ಗಾಡಿಗೆ ಬಿಟ್ಟುಕೊಟ್ಟು ಹೊರಟೇಬಿಟ್ಟೆ. ನಾನು, ಹೆಂಡ್ತಿ, ಮಗಳು, ನಮ್ಮವ್ವ. ತಿಂಡಿ ಮಾಡಬ್ಯಾಡ ಅಂತ ಎಷ್ಟು ಹೇಳಿದ್ರೂ ಕೇಳದೆ ಅವತ್ತೂ ಮೂರಕ್ಕೇ ಎದ್ದು ಚಿತ್ರಾನ್ನ ಕಟ್ಟಿದ್ಲು.

ಮಧ್ಯಾಹ್ನ ರೂಮಿಗೆ ಹೋದ್ವಿ. ನಾನು ಕಿಟಕಿ ಪರದೆ ಸರಿಸಿ, "ನೋಡೇ, ಹೆಂಗೈತೆ!" ಅಂತ ಜಾರುಬಂಡೆ ತೋರಿಸ್ದೆ. ಅವಳು ಹಾಸಿಗೆ ಮೇಲೆ ಕೈಯಾಡಿಸ್ತಿದ್ಲು.

"ಬೆಳಿಗ್ಗೆ ಇದನ್ನ ಯಾರು ಮಡಚ್ತಾರೆ?"

"ಅವರೇ."

"ಕಾಫಿ?"

"ಅವರೇ ತಂದು ಕೊಡ್ತಾರೆ."

"ನೀವ್ ನಡೀರಿ. ಐದು ನಿಮಿಷ ಅಡ್ಡಾಗಿ ಬಂದೆ."

ಹೋದ್ವಿ. ಚಪ್ಪಲಿ ಕಾಯಾಕಷ್ಟೇ ಬರ್ತೀನಿ ಅಂದಿದ್ದ ನಮ್ಮವ್ವ, ಬಾಡಿಗೆ ಬಟ್ಟೆ ಹಾಕ್ಕಂಡು ಅಲೆ ಬರೋ ಕೊಳದಲ್ಲಿ ಕುಂತೋರು ಏಳಲೇ ಇಲ್ಲ. ಮಗಳು ಕೈಗೇ ಸಿಗಲಿಲ್ಲ. ಇವಳು ಬರಲೇ ಇಲ್ಲ. ಸಂಜೆ ಹೋಗಿ ನೋಡಿದ್ರೆ ಗೊರಕೆ! ಎಬ್ಬಿಸಿ ಊಟಕ್ಕೆ ಕರ್ಕಂಡು ಹೋದೆ. ಉಂಡು ಎದ್ದೋಳು ಅಭ್ಯಾಸಬಲದಿಂದ ನಮ್ಮೆಲ್ಲರ ತಟ್ಟೆ ಜೋಡಿಸ್ಕಂಡ್ಲು. ಬಡಿಸೋನು ಬಂದು ಕೈಯಿಂದ ಇಸ್ಕಂಡ. ಅವನನ್ನೇ ನೋಡ್ತಾ ನಿಂತಿದ್ಲು. ಬಂದು ಮತ್ತೆ ಮಲಗಿದ್ಲು.

ಬೆಳಿಗ್ಗೆ ಕಾಫಿ ಬಂತು. ಹಾಸಿಗೆ ಮೇಲೇ ಕುಂತು ಕುಡಿದ್ಲು. "ನೀವ್ ಹೋಗ್ರಿ, ಬಂದೆ" ಅಂದ್ಲು. ಜಾರುಬಂಡೆ ಕೆಳಗೆ ಕಾದೂ ಕಾದೂ ನನಗೆ ಸಾಕಾಗಿಹೋಯ್ತು. ಹನ್ನೊಂದಕ್ಕೆ ರೂಮು ಖಾಲಿ ಮಾಡ್ಬೇಕು. ಹೋಗಿ ಪರದೆ ಎಳೆದು, "ಲೇ, ಏಳೇ! ಈಗಲಾದ್ರೂ ಒಂದು ಆಟ ಆಡೇ!" ಅಂದೆ.

"ಬಿಸಿಲು ಬೀಳ್ತೈತೆ, ಪರದೆ ಹಾಕ್ರಿ."

"ಹನ್ನೆರಡು ವರ್ಷ ಒಳಗೆ, ಒಳಗೆ ಅಂತ ನನ್ನ ಜೀವ ತಿಂದ್ಯಲ್ಲೇ! ಕಾಲು ಕೂಡ ನೀರಿಗೆ ಇಡಲಿಲ್ಲ!"

ಎದ್ದು ಕುಂತ್ಲು. "ಆಟಕ್ಕೆ ಬರ್ತೀನಿ ಅಂತ ಯಾವತ್ತು ಹೇಳಿದ್ದೆ? ಜಾರುಬಂಡೆ ಜಾರುಬಂಡೆ ಅಂದಿದ್ದು ನೀವು. ನಾನು ಕೇಳಿದ್ದೆಲ್ಲ ಹಾಸಿಗೆ, ತಟ್ಟೆ, ಕಾಫಿ. ಯಾರೂ ಏಳು ಅನ್ನದೆ ಹಿಂಗೆ ಮಲಗಿ ಹನ್ನೆರಡು ವರ್ಷ ಆತು ರೀ. ನೀವು ಈಗ ಅಂದ್ರಿ."

ಅವಳು ಕೇಳಿದ್ದ ಒಂದೊಂದು ಪ್ರಶ್ನೆನೂ ನೆನಪಾಯ್ತು. ಊರೋರ ಹಾಸಿಗೆಗೆಲ್ಲ ವ್ಯವಸ್ಥೆ ಮಾಡಿದ್ದೆ ನಾನು. ನಾಚಿಕೆ ಆಯ್ತು. ಕೆಳಗೆ ಫೋನ್ ಮಾಡಿ ಸಂಜೆವರೆಗೂ ರೂಮು ಬೇಕು ಅಂದೆ, ಪರದೆ ಎಳೆದು ಬಾಗಿಲು ಮುಂದೆಳ್ಕಂಡು ಬಂದೆ.

ಊರಿಗೆ ಬಂದ ಮಾರನೇ ದಿನ ಬೋರ್ಡಲ್ಲಿದ್ದ "ತಿಂಡಿ ನಮ್ಮದೇ" ಅನ್ನೋದರ ಮೇಲೆ ಬಣ್ಣ ಬಳಿದೆ. ಈಗ ಶಿರಾ ದಾಟಿದ ಮೇಲೆ ಹೋಟ್ಲಲ್ಲಿ ಇಡ್ಲಿ. ಜನ ಚಿತ್ರಾನ್ನ ಕೇಳ್ತಾರೆ, ಇಲ್ಲ ಅಂತೀನಿ.

ಬಣ್ಣ ಇನ್ನೂ ಒಣಗಿರಲಿಲ್ಲ, ಹೆಂಡ್ತಿ ಒಳ್ಳೆ ಸೀರೆ ಉಟ್ಕಂಡು ಜೆರಾಕ್ಸ್ ಅಂಗಡಿಗೆ ಬಂದು ನನ್ನ ಟೇಬಲ್ ಮುಂದೆ ಕುಂತ್ಲು. "ಮುಂದಿನ ಬೇಸಿಗೆಗೆ ಬರ್ಕಳ್ರಿ. ನಾಕು ಜನ."

ನನಗೂ ಖುಷಿ. ಪೆನ್ ತೆಗೆದು ಗತ್ತಿನಿಂದ ಕೇಳ್ದೆ: "ಒಳಗಾ, ಹೊರಗಾ?"

"ನಾನು ಒಳಗೆ" ಅಂದ್ಲು. "ನೀವು ಮೂರು ಜನ ಹೊರಗೆ."